ಪುಸ್ತಕದ ಹೆಸರು ಕೇಳಿದವರಿಗೆ

ಆನ್‌ಲೈನ್‌ನಲ್ಲಿ ವಿಜ್ಞಾನ ಕಥೆ, ಮಾಯಾಲೋಕದ ಕಥೆ ಓದುವವರ ಗುಂಪೊಂದಿದೆ. ಹೊಸ ಪುಸ್ತಕ ಬೇಕಾದಾಗ ನಾನು ಅಲ್ಲೇ ಕೇಳುತ್ತೇನೆ. ಎಂಥ ಲೋಕ ಬೇಕೆಂದು ಮೊದಲು ವಿವರಿಸಬೇಕು. ನನಗೆ ಡ್ರ್ಯಾಗನ್‌ಗಳು ಸಾಕಾಗಿದ್ದವು. ಬಸವಕಲ್ಯಾಣದಿಂದ ಹುಮನಾಬಾದಿಗೆ ಅವ್ವನ ಜೊತೆ ಬಸ್ಸಿನಲ್ಲಿ ಹೋಗುತ್ತ ನಮ್ಮ ಮನೆಯನ್ನೇ ವಿವರಿಸಿದೆ: 'ಇಲ್ಲಿ ಒಬ್ಬೊಬ್ಬರ ದೇವರು ಅವರವರ ಕೊರಳಲ್ಲೇ ಇರುತ್ತದೆ. ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ತುತ್ತು ಮುಟ್ಟುವಂತಿಲ್ಲ. ಸತ್ತರೆ ದೇವರೂ ಜೊತೆಗೇ ಮಣ್ಣಿಗೆ. ಇಂಥ ಲೋಕದ ಕಥೆ ಇದೆಯೇ?'

ಹುಮನಾಬಾದು ಬರುವಷ್ಟರಲ್ಲಿ ಉತ್ತರಗಳು ಬಂದವು. 'ಎಂಥ ಕಲ್ಪನೆ! ಪುಸ್ತಕದ ಹೆಸರೇನು?' 'ಎರಡನೇ ಭಾಗ ಬಂದಿದೆಯಾ?' ಹೆಸರೆಂದು ಏನು ಹೇಳಲಿ, ನಮ್ಮ ಮನೆಯ ವಿಳಾಸವನ್ನೇ? ಒಬ್ಬ ಮಾತ್ರ ತಕರಾರು ತೆಗೆದಿದ್ದ: 'ದೇವರನ್ನು ಹೂಳುವುದು ಅತಿಯಾಯಿತು. ನಂಬುವಂತಿಲ್ಲ.'

ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅವ್ವನ ಕೊರಳನ್ನೇ ನೋಡಿದೆ.

"ಯಾಕ, ಹೀಂಗ ನೋಡಾಕತ್ತಿ?" ಎಂದಳು.

ಅಪ್ಪನ ಅಂಗೈಯಲ್ಲಿ ಅವನ ಕೊರಳ ಇಷ್ಟಲಿಂಗವನ್ನಿಟ್ಟು ಮೊದಲ ಹಿಡಿ ಮಣ್ಣು ಹಾಕಿದವನು ನಾನೇ. ಅದನ್ನೇ ಆ ತಕರಾರಿನವನಿಗೆ ಬರೆದೆ. ಬರೆದು ಓದಿಕೊಂಡರೆ ನನಗೂ ಕಟ್ಟುಕಥೆಯಂತೆಯೇ ಕಾಣಿಸಿತು. ಅಳಿಸಿಬಿಟ್ಟೆ.