ಹೋಗುವ ಬತ್ತೀನಿ, ಬರುವ ಬತ್ತೀನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಉದ್ಯೋಗದ ಬಹುದೊಡ್ಡ ತೀರ್ಮಾನವನ್ನು ನಾನು ತೆಗೆದುಕೊಂಡೇ ಇಲ್ಲ. ನನ್ನ ಬಾಯಿ ತೆಗೆದುಕೊಂಡಿತು. ಪಾಪ, ಅದಕ್ಕೂ ತಾನೇನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ್ದ ಒಂದು ಮಾತನ್ನು ಅಭ್ಯಾಸಬಲದಿಂದ ಆಡಿತು, ಅಷ್ಟೆ. ಕೆಲಸ ಬಿಡಲೋ ಬೇಡವೋ ಎಂದು ಲೆಕ್ಕ ಹಾಕುತ್ತ ಕೂತವರನ್ನು ಕಂಡಾಗಲೆಲ್ಲ ನನಗೆ ನಗು ಬರುವುದು ಇದೇ ಕಾರಣಕ್ಕೆ.

ಆಗ ನಾನು ಬಿಡದಿಯಲ್ಲಿ ಕಾರುಗಳಿಗೆ ರಬ್ಬರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಸಪೋರ್ಟ್ ಕೆಲಸದಲ್ಲಿದ್ದೆ. ಕಾಗದದ ಮೇಲೆ ನಾನು ಸಿಸ್ಟಮ್ ಎಂಜಿನಿಯರ್. ವಾಸ್ತವದಲ್ಲಿ ಮೇಜಿನ ಕೆಳಗೆ ತೂರಿ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಸಡಿಲವಾದ ವೈರುಗಳನ್ನು ಹುಡುಕುವವಳು. ವಿರೂಪಾಕ್ಷಿಪುರದ ಕಡೆಯ ನಮ್ಮೂರಿನಿಂದ ಬೆಳಗಿನ ಬಸ್ಸಿನಲ್ಲಿ ಚನ್ನಪಟ್ಟಣ, ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ಬಿಡದಿ. ಇಳಿದು ಗೇಟು ದಾಟುವಷ್ಟರಲ್ಲಿ ಯಾರಾದರೊಬ್ಬರು ನನ್ನನ್ನು ಕಂಡು ಒಂದೇ ಪದ ಹೇಳುತ್ತಿದ್ದರು: ‘ಹೋಯ್ತು.’

ನಮ್ಮ ಕಸುಬಿನ ಭಾಷೆಯೆಲ್ಲ ಎರಡೇ ಪದಗಳಲ್ಲಿ ಮುಗಿಯುತ್ತದೆ. ನೆಟ್ಟು ಹೋಯ್ತು, ಪ್ರಿಂಟರ್ ಹೋಯ್ತು, ಬೆಳಗಿನಿಂದ ಟೈಪ್ ಮಾಡಿದ ಫೈಲು ಹೋಯ್ತು. ನಾನು ಒಂದು ವೈರು ಕಿತ್ತು ಮತ್ತೆ ಚುಚ್ಚಿ, ‘ಬಂತಾ?’ ಎಂದು ಮೇಜಿನ ಕೆಳಗಿನಿಂದ ಕೇಳುತ್ತಿದ್ದೆ. ಮೇಲಿನಿಂದ ‘ಬಂತು ಬಂತು’ ಎಂಬ ಆಕಾಶವಾಣಿ ಆಗುತ್ತಿತ್ತು. ಆ ‘ಬಂತು’ ಕೇಳುವ ಸುಖಕ್ಕೆ ಸಾಟಿಯಿಲ್ಲ. ಹಾಡುಗಾರರಿಗೆ ಚಪ್ಪಾಳೆ ಸಿಕ್ಕರೆ ಹೀಗೇ ಆಗುತ್ತದೇನೋ. ಒಂದೇ ವ್ಯತ್ಯಾಸವೆಂದರೆ ಅವರ ತಲೆ ಮೇಜಿಗೆ ಬಡಿದಿರುವುದಿಲ್ಲ.

ಸ್ಟೋರ್ಸಿನ ಮಾದಣ್ಣ ನನ್ನ ದೊಡ್ಡ ಅಭಿಮಾನಿ. ವಯಸ್ಸಾದ ಮನುಷ್ಯ, ಮಾಗಡಿ ಕಡೆಯವನು. ತನ್ನ ಕಂಪ್ಯೂಟರಿಗೆ ದಿನಾ ವಿಭೂತಿ ಹಚ್ಚುತ್ತಿದ್ದ. ವಿಭೂತಿಯ ಪುಡಿ ಒಳಗಿನ ಫ್ಯಾನಿಗೆ ಹೋಗಿ ಅದು ಕೆಮ್ಮತೊಡಗಿದಾಗ ನನ್ನನ್ನು ಕರೆಸಿದ. ನಾನು ಬಿಚ್ಚಿ ಊದಿ ಸರಿಮಾಡಿ, ‘ವಿಭೂತಿ ಹಚ್ಚಬೇಡಿ ಮಾದಣ್ಣ’ ಎಂದೆ.

‘ಹಚ್ಚದೆ ಹೋದ್ರೆ ನಡೀತದಾ ಮೇಡಮ್ಮೋರೆ? ವಿಭೂತಿ ಹಚ್ಚಿದ್ರೆ ತಾನೆ ನೀವು ಬರೋದು’ ಎಂದ. ಇಂಥವರ ನಡುವೆ ಇರುವವಳಿಗೆ ಬೇರೆ ಕೆಲಸದ ಯೋಚನೆ ಹೇಗೆ ಬರಬೇಕು, ನೀವೇ ಹೇಳಿ.

ಆದರೂ ಬಂತು. ಮೂರು ವರ್ಷವಾದರೂ ನಾನು ಗುತ್ತಿಗೆಯವಳೇ ಆಗಿದ್ದೆ. ಅವೇ ಇಪ್ಪತ್ತು ಕಂಪ್ಯೂಟರು, ಅವೇ ವೈರು. ಅಷ್ಟರಲ್ಲಿ ಹಾರೋಹಳ್ಳಿಯಲ್ಲಿ ಹೊಸದಾಗಿ ಎದ್ದಿದ್ದ ಡಬ್ಬಿ ಕಾರ್ಖಾನೆಗೆ ಜನ ಬೇಕೆಂದು ಗೆಳತಿಯೊಬ್ಬಳು ಹೇಳಿದಳು. ಕಂಪೆನಿಯದೇ ಖಾಯಂ ಕೆಲಸ, ಜೊತೆಗೆ ಉಳಿದೆಲ್ಲ ಕಂಪ್ಯೂಟರುಗಳನ್ನು ನಡೆಸುವ ದೊಡ್ಡ ಯಂತ್ರವಿರುವ ಒಂದು ಸರ್ವರ್ ರೂಮು. ನಾನು ನೋಟ್‌ಬುಕ್ಕಿನ ನಡುವೆ ಗೀಟು ಎಳೆದು ಒಂದು ಕಡೆ ‘ಇರಲು ಕಾರಣ’, ಇನ್ನೊಂದು ಕಡೆ ‘ಬಿಡಲು ಕಾರಣ’ ಎಂದು ಬರೆದುಕೊಂಡೆ. ‘ಇರಲು ಕಾರಣ’ದ ಕೆಳಗೆ, ಹಾರೋಹಳ್ಳಿಗೆ ರಾಮನಗರದಲ್ಲೊಂದು, ಕನಕಪುರದಲ್ಲೊಂದು ಬಸ್ಸು ಬದಲಾಯಿಸಬೇಕೆಂದು ದಪ್ಪ ಅಕ್ಷರದಲ್ಲಿ ಬರೆದೆ. ಕನಕಪುರದಲ್ಲೇ ನಮ್ಮ ಚಿಕ್ಕಮ್ಮನ ಮನೆ ಇತ್ತು, ಬೇಕಾದರೆ ಅಲ್ಲೇ ಉಳಿದು ಓಡಾಡಬಹುದಿತ್ತು. ಅದನ್ನು ಮಾತ್ರ ಯಾವ ಕಡೆಯೂ ಬರೆಯಲಿಲ್ಲ. ಇನ್ನೊಂದನ್ನೂ ಬರೆದಿರಲಿಲ್ಲ. ನಾನು ಆವರೆಗೆ ಸರ್ವರನ್ನು ಕೈಯಿಂದ ಮುಟ್ಟಿರಲಿಲ್ಲ. ಬಿಡದಿಯಲ್ಲಿ ನಾನು ಮೇಡಮ್ಮು. ಹಾರೋಹಳ್ಳಿಯಲ್ಲಿ ನನಗೇನೂ ಬರುವುದಿಲ್ಲ ಎಂಬುದು ಮೊದಲ ವಾರವೇ ಬಯಲಾಗುತ್ತದೆ ಎಂದು ಪ್ರಾಣ ಹೋಗುವಷ್ಟು ಹೆದರಿದ್ದೆ.

ಇಲ್ಲೀಗ ಅಜ್ಜಿಯ ಪ್ರವೇಶ. ನಮ್ಮ ಕಡೆ ಮನೆಯಿಂದ ಹೊರಡುವವರು ಹೋಗುತ್ತೇನೆ ಅನ್ನುವಂತಿಲ್ಲ. ಒಮ್ಮೆ ಶಾಲೆಗೆ ಹೊರಟಾಗ ನಾನು ಹಾಗಂದುಬಿಟ್ಟೆ. ಅಜ್ಜಿ ಬಾಗಿಲಿನಿಂದ ವಾಪಸ್ಸು ಕರೆದು, ‘ಹೋಯ್ತೀನಿ ಅನ್ನೋರು ಸತ್ತೋರು ಕಣವ್ವ. ಬದುಕಿರೋರು ಬತ್ತೀನಿ ಅನ್ಬೇಕು’ ಎಂದಳು. ಸತ್ತವರು ಏನನ್ನೂ ಅನ್ನುವುದಿಲ್ಲವಲ್ಲ ಎಂದು ನಾನು ತರ್ಕ ತೆಗೆದೆ. ತಲೆಗೊಂದು ಮೊಟಕು ಬಿತ್ತು. ಮಾತು ಅಲ್ಲಿಗೆ ತಲೆಯೊಳಗೆ ಕೂತಿತು. ನಮ್ಮ ಭಾಷೆಯ ಮರ್ಯಾದೆಯೇ ಹೀಗೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ತಮಿಳರು, ತೆಲುಗರು, ಮರಾಠಿಗರು ಕೂಡ ಹೊರಡುವಾಗ ಬರುತ್ತೇನೆ ಎಂದೇ ಹೊರಡುತ್ತಾರಂತೆ. ಹಿಂದಿಯವರು ಮಾತ್ರ ಹೊರಟೆ ಎಂದು ಹೇಳಿ ನೇರವಾಗಿ ಹೊರಟುಬಿಡುತ್ತಾರೆ. ಇದನ್ನು ನಾನು ವ್ಯಾಕರಣದ ಪುಸ್ತಕ ಓದಿ ತಿಳಿದದ್ದಲ್ಲ, ಪೆಟ್ಟು ತಿಂದು ತಿಳಿದದ್ದು.

ಹಾರೋಹಳ್ಳಿಯಲ್ಲಿ ಸಂದರ್ಶನ ಮಾಡಿದ ಮಿಶ್ರಾ ಸಾಹೇಬರು ಉತ್ತರದ ಕಡೆಯವರು. ಬಂದು ಆರು ತಿಂಗಳಾಗಿತ್ತು, ಪುಸ್ತಕ ಇಟ್ಟುಕೊಂಡು ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದರು. ಪ್ರಶ್ನೆಗಳೆಲ್ಲ ಮುಗಿದ ಮೇಲೆ, ‘ಹಾಗಾದರೆ ನೀವು ನಮ್ಮ ಕಂಪೆನಿಗೆ ಬರುತ್ತೀರಾ?’ ಎಂದು ಅಚ್ಚಕನ್ನಡದಲ್ಲಿ ಕೇಳಿದರು. ಯೋಚಿಸಿ ಹೇಳುತ್ತೇನೆ ಎನ್ನಬೇಕೆಂದು ಮನಸ್ಸಿನಲ್ಲಿದ್ದುದು ಬಾಯಿಗೆ ಬರಲಿಲ್ಲ. ಇಲ್ಲಿಂದ ತಪ್ಪಿಸಿಕೊಂಡರೆ ಸಾಕೆಂದು ಎದ್ದು, ಕೈ ಮುಗಿದು, ‘ಬತ್ತೀನಿ ಸಾರ್’ ಎಂದೆ. ಅವರ ಮುಖ ಅರಳಿತು. ಎಂಥ ಸಜ್ಜನರು ಎಂದುಕೊಂಡು ನಾನು ಬಸ್ಸು ಹತ್ತಿದೆ.

ಎರಡು ದಿನದ ಮೇಲೆ ನಮ್ಮ ಬಿಡದಿ ಆಫೀಸಿನ ಫ್ಯಾಕ್ಸ್ ಯಂತ್ರ ಹೋಯ್ತು. ಮ್ಯಾನೇಜರ್ ರಂಗನಾಥ್ ಸರ್ ಎದುರಿಗೇ ನಿಂತು ರಿಪೇರಿ ಮಾಡಿದೆ. ‘ಬಂತಾ?’ ಎಂದೆ. ‘ಬಂತು’ ಎಂದರು ಅವರು, ಹೊರಗೆ ಬರುತ್ತಿದ್ದ ಹಾಳೆಯನ್ನು ನೋಡುತ್ತ. ನೋಡುತ್ತಲೇ ಇದ್ದರು. ಅದು ಹಾರೋಹಳ್ಳಿಯಿಂದ ಬಂದ ನನ್ನ ನೇಮಕಾತಿ ಪತ್ರ. ನನ್ನ ಬಯೋಡೇಟಾವನ್ನು ನಾನು ಆಫೀಸಿನ ಕಂಪ್ಯೂಟರಿನಲ್ಲಿ, ಆಫೀಸಿನ ಪತ್ರದ ನಮೂನೆಯ ಮೇಲೇ ಟೈಪ್ ಮಾಡಿದ್ದೆ. ಮೇಲಿದ್ದ ಕಂಪೆನಿಯ ಹೆಸರು ಅಳಿಸಲು ಜ್ಞಾಪಕವಿತ್ತು, ಅಡಿಯಲ್ಲಿ ಸಣ್ಣಗಿದ್ದ ಫ್ಯಾಕ್ಸ್ ನಂಬರು ಕಣ್ಣಿಗೇ ಬಿದ್ದಿರಲಿಲ್ಲ. ಊರಿನವರ ಕಂಪ್ಯೂಟರಿನ ತಪ್ಪೆಲ್ಲ ಹುಡುಕುವವಳ ಕಥೆ ಇದು.

‘ನೀವು ಬಾಯಲ್ಲೇ ಒಪ್ಪಿಗೆ ಕೊಟ್ಟಿದ್ದಕ್ಕೆ ಸಂತೋಷ ಅಂತ ಬರ್ದವ್ರೆ’ ಎಂದರು ರಂಗನಾಥ್ ಸರ್.

‘ಇಲ್ಲ ಸಾರ್, ನಾನು ಒಪ್ಪೇ ಇಲ್ಲ. ಹೊರಡೋವಾಗ ಬತ್ತೀನಿ ಅಂದೆ, ಅಷ್ಟೇಯ.’

ನಗತೊಡಗಿದ ರಂಗನಾಥ್ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. ನಾನು ಮಾತ್ರ ಇದ್ದ ಕೆಲಸವೂ ಹೋಯ್ತು ಎಂದು ನಿಂತಿದ್ದೆ.

‘ಬ್ಯಾಡ ಅಂದ್ರೆ ಫೋನ್ ಮಾಡಿ ಹೇಳ್ಬುಡಿ, ಅದೇನ್ ದೊಡ್ಡ ವಿಷ್ಯ ಅಲ್ಲ’ ಎಂದರು. ‘ಆದ್ರೆ ಇಲ್ಲಿ ನಿಮ್ಮನ್ನ ಖಾಯಂ ಮಾಡೋದು ನನ್ನ ಕೈಲಿಲ್ಲ ಕಣಮ್ಮ. ಅದ್ಯಾಕೆ ಹೋಗಕ್ಕಿಲ್ಲ ಅಂತೀರಿ?’

‘ದೂರ ಸಾರ್. ಎರಡು ಕಡೆ ಬಸ್ಸು ಬದಲಾಯಿಸ್ಬೇಕು.’

‘ಬಸ್ಸಿಗೆ ಹೆದರಿದ್ದೀರೋ, ಕೆಲಸಕ್ಕೆ ಹೆದರಿದ್ದೀರೋ?’

ನಾನು ಫ್ಯಾಕ್ಸ್ ಯಂತ್ರದ ಕಡೆ ನೋಡುತ್ತ, ‘ಸರ್ವರ್ ಮುಟ್ಟಿಲ್ಲ ಸಾರ್’ ಎಂದೆ. ಮೂರು ವಾರ ನೋಟ್‌ಬುಕ್ಕಿನಲ್ಲೂ ಬರೆಯಲಾಗದೆ ಹೋದದ್ದು ಅಷ್ಟು ಸಲೀಸಾಗಿ ಬಾಯಿಂದ ಬಂತು.

‘ಇಲ್ಲಿಗ್ ಬಂದಾಗ ಫ್ಯಾಕ್ಸ್ ಮುಟ್ಟಿದ್ರಾ?’ ಎಂದು ಕೇಳಿ ಅವರು ಪತ್ರವನ್ನು ನನ್ನ ಕೈಗಿಟ್ಟರು. ಮುಟ್ಟಿರಲಿಲ್ಲ. ಮೊದಲ ಸಲ ಬಿಚ್ಚಿದಾಗ ಅದರೊಳಗಿಂದ ಬಿದ್ದ ಸ್ಪ್ರಿಂಗೊಂದು ಎಲ್ಲಿಗೆ ಸೇರಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅದಿಲ್ಲದೆಯೂ ಯಂತ್ರ ಮೂರು ವರ್ಷ ಓಡಿತ್ತು. ಆ ಸಂಜೆಯ ರೈಲಿನಲ್ಲಿ ನೋಟ್‌ಬುಕ್ಕಿನ ಹಾಳೆ ಹರಿದು ಕಡಲೆಕಾಯಿ ಸಿಪ್ಪೆ ಸುತ್ತಿ ಎಸೆದೆ. ಮನಸ್ಸು ಹತ್ತಿಯಷ್ಟು ಹಗುರಾಗಿತ್ತು.

ಬಿಡದಿಯ ಕೊನೆಯ ದಿನ ಎಲ್ಲರಿಗೂ ಕೈ ಮುಗಿದು ‘ಬತ್ತೀನಿ, ಬತ್ತೀನಿ’ ಎಂದುಕೊಂಡೇ ಬಂದೆ. ಮಾದಣ್ಣ ಮಾತ್ರ, ‘ಬನ್ನಿ ತಾಯಿ, ಬರದೆ ಎಲ್ಲೋಯ್ತೀರಿ’ ಎಂದ. ಅವನು ಅದನ್ನು ಅಕ್ಷರಶಃ ತೆಗೆದುಕೊಂಡಿದ್ದನೆಂದು ತಿಳಿದದ್ದು ಹಾರೋಹಳ್ಳಿ ಸೇರಿದ ಎರಡನೇ ವಾರದಲ್ಲಿ. ಅವತ್ತು ಬೆಳಗ್ಗೆ ಸರ್ವರ್ ಹೋಗಿತ್ತು. ಮಿಶ್ರಾ ಸಾಹೇಬರು ಹಿಂದೆ ನಿಂತಿದ್ದರು, ನನ್ನ ಧೈರ್ಯವೂ ಹೋಗಿತ್ತು. ಆಗಲೇ ಮೊಬೈಲು ಹೊಡೆದುಕೊಂಡಿತು. ‘ಬತ್ತೀನಿ ಅಂದ್ಬುಟ್ಟು ಬರ್ನೇ ಇಲ್ವಲ್ಲ ಮೇಡಮ್ಮೋರೆ. ಪ್ರಿಂಟರ್ ಹೋಯ್ತು, ಒಸಿ ನೋಡಿ’ ಎಂದ ಮಾದಣ್ಣ. ಫೋನಿನಲ್ಲೇ, ಹಿಂದಿನ ವೈರು ಕೀಳಿ, ಹತ್ತು ಎಣಿಸಿ, ಮತ್ತೆ ಚುಚ್ಚಿ ಎಂದೆ. ‘ಬಂತು’ ಎಂದ. ಆ ಒಂದು ಪದ ಕೇಳಿದ್ದೇ ನನ್ನ ಧೈರ್ಯವೂ ಬಂತು. ಹೇಗೂ ಹೇಳಿಯಾಗಿತ್ತಲ್ಲ ಎಂದು ಸರ್ವರಿಗೂ ಅದನ್ನೇ ಮಾಡಿದೆ: ಹಿಂದಿನ ವೈರು, ಹತ್ತರವರೆಗೆ ಎಣಿಕೆ. ‘ಬಂತು’ ಎಂದರು ಮಿಶ್ರಾ ಸಾಹೇಬರು, ಅಚ್ಚಕನ್ನಡದಲ್ಲಿ.

ಆಮೇಲೆ ನಾನು ಇನ್ನೆರಡು ಸಲ ಕೆಲಸ ಬದಲಾಯಿಸಿದೆ, ಎರಡು ಸಲವೂ ಯೋಚಿಸಿಯೇ. ಮೊದಲನೆಯದರಷ್ಟು ಒಳ್ಳೆಯ ತೀರ್ಮಾನ ಯಾವುದೂ ಆಗಲಿಲ್ಲ. ಈಗ ಮೇಜಿನ ಈಚೆ ಕಡೆ ಕೂತು ಪ್ರಶ್ನೆ ಕೇಳುವವಳು ನಾನೇ. ಮೊನ್ನೆ ಕನಕಪುರದ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಚುರುಕಾಗಿ ಉತ್ತರ ಹೇಳುತ್ತಿದ್ದವಳು ಸರ್ವರಿನ ಮಾತು ಬಂದಾಗ ತಲೆ ತಗ್ಗಿಸಿ, ಮುಟ್ಟಿಲ್ಲ ಮೇಡಂ ಎಂದಳು. ಕೆಲಸಕ್ಕೆ ಬರುತ್ತೀಯೇನಮ್ಮ ಎಂದು ಕೇಳಿದೆ. ದಡಬಡ ಎದ್ದು ಕೈ ಮುಗಿದು, ‘ಬತ್ತೀನಿ ಮೇಡಂ’ ಎಂದು ಬಾಗಿಲ ಕಡೆ ನಡೆದಳು.

‘ನಿಲ್ಲವ್ವ’ ಎಂದೆ. ‘ಇದು ಹೋಗೋ ಬತ್ತೀನಿನೋ, ಬರೋ ಬತ್ತೀನಿನೋ?’

ಅವಳು ಬಾಗಿಲಿನ ಹಿಡಿಕೆ ಬಿಟ್ಟು ನನ್ನ ಕಡೆ ತಿರುಗಿದಳು.

‘ಹೋಗೋದೇ ಅಂದ್ಕೊಂಡಿದ್ದೆ ಮೇಡಂ’ ಎಂದಳು. ‘ನೀವು ಕೇಳಿದ್ ಮ್ಯಾಲೆ ಬರೋದು ಅಂತ್ಲೇ ಇಟ್ಕೊಳ್ಳಿ.’