ಜಿಂಕೆಗೆ ಇಟ್ಟ ಬೂಸಾ

ಉತ್ತರಹಳ್ಳಿಯ ನಮ್ಮ ಹಿತ್ತಲಲ್ಲಿ ನಿಂತರೆ ಆಗಿನ್ನೂ ಕಾಡು ಕಾಣುತ್ತಿತ್ತು. ನಾನು ನಾಲ್ಕನೇ ಕ್ಲಾಸು. ಮಳೆಗಾಲ ಶುರುವಾದರೆ ಕೊಟ್ಟಿಗೆಯಲ್ಲಿ ಗಂಜಲ, ನೆನೆಸಿದ ಹಿಂಡಿ, ಬೇವಿನ ಹೊಗೆ ಎಲ್ಲ ಸೇರಿ ಒಂದೇ ವಾಸನೆ. ದನದ ಜೊತೆ ಬೆಳೆದವರ ಮೂಗಿನಲ್ಲಿ ಅದು ಈಗಲೂ ಇರುತ್ತೆ.

ನಮ್ಮ ಹಸು ಕೆಂಪಿ ಗಬ್ಬವಾಗಿದ್ದಳು. ಆ ವರ್ಷವೇ ಒಂದು ಜಿಂಕೆ ಸಂಜೆ ಹೊತ್ತು ಹಿತ್ತಲಿಗೆ ಬರೋಕೆ ಶುರುಮಾಡಿತು. ದೇವರೇ ಕಳಿಸಿದ್ದು, ಬರಿಹೊಟ್ಟೇಲಿ ಕಳಿಸಬಾರದು ಅಂತ ಅಜ್ಜಿ ಕೈಮುಗಿದರು. ಕೆಂಪಿಯ ಪಕ್ಕದಲ್ಲೇ ಹಳೇ ಬಾಂಡ್ಲಿಯಲ್ಲಿ ಅದಕ್ಕೂ ಬೂಸಾ ಇಡೋದು ನನ್ನ ಕೆಲಸವಾಯಿತು. ಜಿಂಕೆ ಹೆದರುತ್ತೆ ಅಂತ ಸಂಜೆಯ ಬೇವಿನ ಹೊಗೆ ನಿಲ್ಲಿಸಿದೆವು. ಕಚ್ಚೋ ದೊಡ್ಡ ನೊಣಗಳು ಮುತ್ತಿಕೊಂಡವು. ಕೆಂಪಿ ಬಾಲ ಬೀಸಿದರೆ ಎದ್ದು ಜಿಂಕೆ ಮೇಲೆ, ಜಿಂಕೆ ಮೈ ಅದುರಿಸಿದರೆ ಮತ್ತೆ ಕೆಂಪಿ ಮೇಲೆ. ಕೂತು ನೋಡೋಕೆ ನನಗದು ಆಟ.

ತಿಂಗಳೊಳಗೆ ಕೆಂಪಿಗೆ ಜ್ವರ ಬಂತು, ಬಿಡ್ತು, ಮತ್ತೆ ಬಂತು. ಮೇವು ಮುಟ್ಟದೆ ಗೂಟದ ಸುತ್ತಲೇ ಸುತ್ತತೊಡಗಿದಳು. ಅಜ್ಜಿ ದೃಷ್ಟಿ ತೆಗೆದರು, ಹರಕೆ ಹೊತ್ತರು. ಕೊನೆಗೆ ದನದ ಡಾಕ್ಟರು ಬಂದು ರಕ್ತ ತಗೊಂಡು ಹೋದರು. ಮಾರನೇ ದಿನ ಸೂಜಿ ಹಾಕುತ್ತಾ, ಕಾಡುಪ್ರಾಣಿ ಏನಾದರೂ ಇಲ್ಲಿಗೆ ಬರುತ್ತಾ ಅಂತ ಕೇಳಿದರು. ಅಜ್ಜಿ ಬಾಂಡ್ಲಿ ತೋರಿಸಿದರು.

"ನೀವು ಪುಣ್ಯ ಅಂತ ಇಟ್ರಿ ಅಜ್ಜಿ. ಜಿಂಕೆ ರಕ್ತದಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತೆ, ಜಿಂಕೆಗೇನೂ ಆಗಲ್ಲ. ಅದನ್ನ ಕಚ್ಚಿದ ನೊಣ ಹಂಗೇ ಬಂದು ಇವಳನ್ನ ಕಚ್ಚಿದ್ರೆ ಸಾಕು."

ಕೆಂಪಿ ಬದುಕಿದಳು. ಆದರೆ ಎರಡು ದಿನಕ್ಕೆ, ತಿಂಗಳು ತುಂಬದೆ ಕಂದು ಹಾಕಿದಳು, ಹೊಟ್ಟೆಯ ಕರು ಉಳಿಯಲಿಲ್ಲ. ಆ ಸಂಜೆಯೂ ಜಿಂಕೆ ಬಂತು. ಅಜ್ಜಿ ನನ್ನ ಕೈಗೆ ಮಣ್ಣಿನ ಹೆಂಟೆ ಕೊಟ್ಟರು.

"ನಿನ್ನ ಕೈ ನೋಡ್ಕಂಡೇ ಅದು ಬರೋದು. ನೀನೇ ಓಡಿಸು ಮಗಾ."

ಎಸೆದೆ. ಓಡಲಿಲ್ಲ, ಬೂಸಾ ಅಂದುಕೊಂಡು ಹತ್ತಿರ ಬಂದು ಹೆಂಟೆಯನ್ನ ಮೂಸಿತು. ಎರಡನೆಯದನ್ನು ಮೈಗೇ ಎಸೆದೆ. ಅಜ್ಜಿ ಒಳಗೆ ಹೋಗಿ ದೀಪ ಹಚ್ಚಿದರು. ಅವತ್ತು ದೇವರ ಹತ್ತಿರ ಏನೂ ಕೇಳಲಿಲ್ಲ.

ಈಗ ಆ ಹಿತ್ತಲಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಪಾರ್ಕಿಂಗ್. ಜೆ.ಪಿ. ನಗರದ ನನ್ನ ಮನೆಯ ಕಿಟಕಿಗೆಲ್ಲ ಜಾಲರಿ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತೆ. ದಿನದ ಕೆಲಸ ಮುಗಿಸಿ, ಮೊಣಕಾಲು ಒತ್ತಿಕೊಂಡು ದೀಪದ ಮುಂದೆ ಕೂತಾಗ ದೇವರು ಕೊಟ್ಟದ್ದನ್ನೇ ನೆನೆಯುತ್ತೀನಿ: ಕೆಂಪಿ ಉಳಿದಳು, ಆಮೇಲೆ ಎರಡು ಕರು ಹಾಕಿದಳು. ಜಿಂಕೆ ಮತ್ತೆ ಬರಲಿಲ್ಲ. ಬರದಿದ್ದದ್ದೇ ಒಳ್ಳೇದಾಯ್ತು, ಗೊತ್ತು. ಆದರೂ ನನ್ನ ಕೈ ಕಂಡರೆ ಸಾಕು ಅಂತ ನಂಬಿ ಬಂದ ಜೀವ ಆಮೇಲೆ ಇನ್ನೊಂದಿಲ್ಲ.