ತಾರಸಿ ಮನೆ ನೋಡಲು ಬಂದವರು

ಹೊಸ ಕಾಂಕ್ರೀಟಿಗೆ ನೀರು ಬಿದ್ದಾಗ ಏಳುವ ತಣ್ಣನೆಯ ವಾಸನೆ ಮೂಗಿಗೆ ತಾಗಿದರೆ ಸಾಕು, ಪುತ್ತೂರಿನ ಯಾವ ಬೀದಿಯಲ್ಲಿದ್ದರೂ ನಾನು ಕಲ್ಲುಗುಂಡಿಯ ನಮ್ಮ ತಾರಸಿಯ ಮೇಲಿರುತ್ತೇನೆ. ಅಪ್ಪ ಮೇಸ್ತ್ರಿ. ಊರೆಲ್ಲ ಹಂಚು ಹೊದೆದಿದ್ದ ಕಾಲದಲ್ಲಿ, ಮಂಗಳೂರಿನ ದೊಡ್ಡ ಕಟ್ಟಡಗಳಲ್ಲಿ ಕೈ ಪಳಗಿಸಿಕೊಂಡು ಬಂದು, ಮಡಿಕೇರಿ ರಸ್ತೆಯ ಬದಿಗೆ ಚಪ್ಪಟೆ ತಾರಸಿಯ ಮನೆ ಕಟ್ಟಿದರು. ಜಗಲಿಯ ಮೇಲೆ ಒಂದೇ ಒಂದು ಕಂಬವಿಲ್ಲದೆ ಮುಂದಕ್ಕೆ ಚಾಚಿಕೊಂಡ ಕಾಂಕ್ರೀಟಿನ ಹಲಗೆ. "ಇದು ಒಂದು ಮಳೆಗಾಲ ದಾಟುದಿಲ್ಲ ಮೇಸ್ತ್ರಿಗಳೇ" ಎಂದು ದಾರಿಯಲ್ಲಿ ಹೋಗುವವರು ತಮಾಷೆ ಮಾಡಿದರೆ, ಅಪ್ಪ ಅದರಡಿಗೇ ಕುರ್ಚಿ ಎಳೆದು ಕೂತು ಎಲೆಅಡಿಕೆ ಹಾಕುತ್ತಿದ್ದರು. ತಾರಸಿ ಗಟ್ಟಿಯಾಗಲೆಂದು ಅಂಚಿಗೆ ಮಣ್ಣಿನ ಕಟ್ಟೆ ಹಾಕಿ ವಾರಗಟ್ಟಲೆ ನೀರು ನಿಲ್ಲಿಸಿದ್ದರು. ನನಗೂ ಅಣ್ಣನಿಗೂ ಅದೇ ಕೆರೆ, ಅದೇ ಸಮುದ್ರ. ಅಮ್ಮ ಕೆಳಗಿನಿಂದ ಬೈದು ಬೈದು ಸೋತು ಒಳಗೆ ಹೋಗುತ್ತಿದ್ದರು.

ಒಳಗೆ ಕೆಂಪು ಆಕ್ಸೈಡಿನ ನೆಲ. ಅಪ್ಪ ಮೊಣಕಾಲೂರಿ ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದು, ಆಮೇಲೆ ಅಮ್ಮ ತೆಂಗಿನೆಣ್ಣೆಯ ಪಸೆ ಮುಟ್ಟಿಸಿದ ಬಟ್ಟೆಯಲ್ಲಿ ವರ್ಷಗಟ್ಟಲೆ ಒರೆಸಿ ಉಳಿಸಿಕೊಂಡದ್ದು. ಎಪ್ರಿಲ್ ತಿಂಗಳ ಮಧ್ಯಾಹ್ನ ಅದರ ಮೇಲೆ ಕವುಚಿ ಮಲಗಿ ಕೆನ್ನೆ ಒತ್ತಿದರೆ ಬೇರೆ ಸ್ವರ್ಗ ಬೇಕಿರಲಿಲ್ಲ. ಪೂರ್ವದ ಗೋಡೆಯ ಬದಲಿಗೆ ಜಾಲಿ. ತೂತಿನ ಆ ಸಿಮೆಂಟಿನ ಇಟ್ಟಿಗೆಗಳನ್ನು ಅಪ್ಪ ಮರದ ಅಚ್ಚಿನಲ್ಲಿ ಒಂದೊಂದಾಗಿ ತೆಗೆದಿದ್ದರು. ಅದರಿಂದ ಇಳಿದ ಬಿಸಿಲಿನ ಚೌಕಗಳು ಚಾಪೆಯ ಅಂಚು ಬಿಟ್ಟು ಸರಿದಾಗ ಅಮ್ಮ ಅನ್ನಕ್ಕೆ ನೀರಿಡುತ್ತಿದ್ದರು. ಗಡಿಯಾರ ನಮ್ಮಲ್ಲಿತ್ತು, ಅದನ್ನು ಅಮ್ಮ ನಂಬುತ್ತಿರಲಿಲ್ಲ. ಇಷ್ಟೆಲ್ಲ ಚಂದದ ಮನೆಗೂ ನೆಂಟರು ಬರುತ್ತಾರೆಂದರೆ ಮತ್ತೆ ಸುಣ್ಣ ಆಗಲೇಬೇಕು. ಸುಣ್ಣ ಹೊಡೆಯದ ಮನೆಗೆ ನೆಂಟರನ್ನು ಕರೆಯುವುದು ಅವರಿಗೆ ಮಾಡುವ ಅವಮಾನ ಎಂದು ಅಮ್ಮನ ಕಾನೂನು. ನಾವಿಬ್ಬರೂ ಅದನ್ನೇ ಕಲಿತು ಬೆಳೆದೆವು.

ಅಪ್ಪ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಅಣ್ಣನ ಸಂಸಾರವಿತ್ತು. ತಾರಸಿಯೊಳಗಿನ ಕಬ್ಬಿಣ ತುಕ್ಕು ಹಿಡಿದು, ಸಿಮೆಂಟು ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಕೆಡವುವುದೊಂದೇ ದಾರಿ ಎಂದು ಅಣ್ಣನಿಗೆ ಎಲ್ಲರೂ ಹೇಳುತ್ತಿದ್ದಾಗ, ಮಂಗಳೂರಿನ ಕೆಲವು ವಾಸ್ತುಶಿಲ್ಪಿಗಳು ಪುತ್ತೂರಿಗೆ ಬಂದು ಹಳೆಯ ಕಾಂಕ್ರೀಟು ಮನೆಗಳ ಬಗ್ಗೆ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಫೋಟೋ ಪ್ರದರ್ಶನ, ಭಾಷಣ, ತಿಂಗಳು ಬಿಟ್ಟು ಬಸ್ಸಿನಲ್ಲಿ ಮನೆಗಳ ವೀಕ್ಷಣೆ. ಇದ್ದ ಹಾಗೇ ಉಳಿದುಕೊಂಡ ಒಂದು ಮನೆಯನ್ನು ಆರಿಸಿ ಅದರ ತಾರಸಿಯ ಮಾಡನ್ನು ತಾವೇ ದುರಸ್ತಿ ಮಾಡಿಕೊಡುತ್ತೇವೆ ಎಂದರು. ನಾನು ಅಲ್ಲಿಗೆ ಹೋಗಿ ನಮ್ಮ ಮನೆಯ ಕಪ್ಪುಬಿಳುಪು ಚಿತ್ರ ತೋರಿಸಿದೆ. ಅವರಲ್ಲೊಬ್ಬ ಹುಡುಗಿ ಚಿತ್ರ ಹಿಡಿದುಕೊಂಡು, "ಇದು ಈಗ್ಲೂ ಹೀಗೇ ಉಂಟಾ?" ಎಂದು ಎರಡು ಸಲ ಕೇಳಿದಳು. ಹೀಗೇ ಉಂಟು ಎಂದೆ. ಅದೇ ಸಂಜೆ ಅಣ್ಣನಿಗೆ ಫೋನು ಮಾಡಿ, "ಮುಂದಿನ ತಿಂಗಳು ಮಂಗಳೂರಿಂದ ದೊಡ್ಡ ಜನ ಮನೆ ನೋಡ್ಲಿಕ್ಕೆ ಬರ್ತಾರೆ. ಹಿಡಿಸಿದ್ರೆ ಮಾಡು ಅವರೇ ಸರಿ ಮಾಡಿ ಕೊಡ್ತಾರಂತೆ" ಎಂದೆ. ಏನನ್ನೂ ಮುಟ್ಟಬೇಡ ಎಂದು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಬಸ್ಸಿನಿಂದ ಮೊದಲು ಇಳಿದವಳು ನಾನು. ಮನೆಗೆ ತಿಳಿಗುಲಾಬಿ ಬಣ್ಣ ಬಂದಿತ್ತು. ಅಣ್ಣ ಜಾಲಿ ಕಿತ್ತು ಅಲ್ಯೂಮಿನಿಯಂ ಕಿಟಕಿ ಕೂರಿಸಿದ್ದ. ನೆಲಕ್ಕೆಲ್ಲ ಬಿಳಿ ಟೈಲ್ಸು. ಇಸ್ತ್ರಿ ಮಾಡಿದ ಪಂಚೆ ಉಟ್ಟು, ಎಳನೀರಿನ ಬೊಂಡ ಕೆತ್ತಿಸಿ ಇಟ್ಟುಕೊಂಡು ನಿಂತಿದ್ದ ಅಣ್ಣನ ಮುಖದಲ್ಲಿ ಮಗಳ ಮದುವೆಯ ದಿನದ ಕಳೆ. "ನೆಂಟ್ರು ಬರುವಾಗ ಹಾಗೇ ಇಡ್ಲಿಕ್ಕೆ ಆಗ್ತದಾ ಮಾರಾಯ್ತಿ" ಎಂದು ನನ್ನ ಕಿವಿಯಲ್ಲಿ ಹೇಳಿದ. ಚಿತ್ರದ ಹುಡುಗಿ ಬಗ್ಗಿ ಟೈಲ್ಸು ಮುಟ್ಟಿ, "ಹಳೆ ನೆಲ ಇದರ ಅಡಿಯಲ್ಲಿ ಉಂಟಾ ಅಂಕಲ್?" ಎಂದು ಕೇಳಿದಳು. "ಇಲ್ಲ ಮಗಾ, ಪೂರಾ ಕೆತ್ತಿಸಿದ್ದು. ನುಣ್ಣಗಿದ್ರೆ ಟೈಲ್ಸ್ ಹಿಡಿಯುದಿಲ್ಲ" ಎಂದ ಅಣ್ಣ, ಹೆಮ್ಮೆಯಿಂದಲೇ. ಅವರು ಒಳ್ಳೆಯ ಜನ. ಒಬ್ಬರೂ ಮುಖ ಸಿಂಡರಿಸಲಿಲ್ಲ. ಅತ್ತಿಗೆಯ ಕೈಯ ಕಡುಬು ತಿಂದು, ಬೊಂಡ ಕುಡಿದು, ಕೈಮುಗಿದು ಬಸ್ಸು ಹತ್ತಿದರು. ಐವರ್ನಾಡಿನ ಒಂದು ಮನೆಯನ್ನು ಆರಿಸಿದರಂತೆ. ಅದಕ್ಕೆ ಸುಣ್ಣ ಕಾಣದೆ ಎಷ್ಟೋ ವರ್ಷಗಳಾಗಿದ್ದವು.

ಆ ಮಳೆಗಾಲ ಕಳೆದ ಮೇಲೆ ನಮ್ಮ ಮನೆಯನ್ನು ಕೆಡವಿದರು. ಅಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳಲು ತುಂಬ ಪ್ರಯತ್ನಪಟ್ಟೆ, ಬರಲಿಲ್ಲ. ಅವನ ಜಾಗದಲ್ಲಿ ಅಮ್ಮ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದರು, ನಾನೂ ಅಷ್ಟೆ. ಮೊನ್ನೆ ಪುತ್ತೂರಿಗೆ ಬಂದ ಅಣ್ಣ ಊಟ ಮಾಡಿ ಕೈ ತೊಳೆದು ಬಂದು ಕೂತ. ಆಮೇಲೆ ನನ್ನ ಮುಖ ನೋಡದೆ, "ಅವತ್ತು ಹಿಂದಿನ ಗೋಡೆಗೆ ಪೈಂಟ್ ಸಾಕಾಗ್ಲಿಲ್ಲ. ಅದನ್ನು ಆ ಮಂಗಳೂರಿನವರು ನೋಡಿದ್ದಾರೆ ಕಾಣ್ತದೆ. ಅದೊಂದು ಮಾಡಿಸಿದ್ರೆ ಮನೆ ಉಳೀತಿತ್ತು, ಅಲ್ವಾ?" ಎಂದ.

ಹೌದು ಅಣ್ಣ, ಎಂದೆ.